ಅಗ್ಗದ ಚಿತ್ರಪುಸ್ತಿಕೆ

ನಮ್ಮ ಕಡೆಯ ಮದುವೆಯ ಆಲ್ಬಂಗಳನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಕರಿಜ್ಮಾ ಎಂದು ಕರೆಯುವ, ರಟ್ಟಿನಷ್ಟು ದಪ್ಪ ಹಾಳೆಗಳ ಆ ಆಲ್ಬಂ ಸಾಮಾನ್ಯವಾಗಿ ಮನೆಗೆ ಒಂದೇ ಪ್ರತಿ. ಅದರ ವಾಸ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ. ನೆಂಟರು ಬಂದಾಗ ಹೊರಗೆ ಬರುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಇನ್ನೊಂದು ಕಡೆ ಮೊಬೈಲಿನ ಚಿತ್ರಗಳಿವೆ. ಅವಕ್ಕೆ ಲೆಕ್ಕವೂ ಇಲ್ಲ, ಖರ್ಚೂ ಇಲ್ಲ. ಫೋನು ಕೆಟ್ಟ ದಿನ ಎಲ್ಲವೂ ಒಟ್ಟಿಗೇ ಹೋಗುತ್ತವೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ನಾವೇ ತೆಗೆದ ಚಿತ್ರಗಳನ್ನು ನಾವೇ ಜೋಡಿಸಿ, ಕಡಿಮೆ ಖರ್ಚಿನಲ್ಲಿ ಹತ್ತಾರು ಪ್ರತಿ ಅಚ್ಚು ಹಾಕಿಸಿ ಹಂಚುವ ದಾರಿ ಅದು. ನಾನು ಅದನ್ನು ಹಿಡಿದ ಬಗೆಯನ್ನು ಇಲ್ಲಿ ಹೇಳುತ್ತೇನೆ.

ನಿವೃತ್ತಿಯ ಅನಂತರ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ನಾನು ಕ್ಯಾಮೆರಾ ಹಿಡಿದು ತಿರುಗುವುದು ನಿಮಗೆ ತಿಳಿದ ವಿಷಯ. ನಾನು ಬೆನ್ನು ಹತ್ತಿದ್ದು ಒಂದೇ ಸಂಗತಿಯನ್ನು: ತೆಂಗಿನಕಾಯಿ ಉಂಡೆ ಕೊಬ್ಬರಿಯಾಗುವ ಬಗೆ. ಪರಊರುಗಳಲ್ಲಿ ಹುಟ್ಟಿದ ಮೊಮ್ಮಕ್ಕಳಿಗಾಗಿ ಸ್ವಲ್ಪ ವಿವರಿಸುತ್ತೇನೆ. ಬಲಿತ ಕಾಯನ್ನು ಮಟ್ಟೆಸಹಿತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೆ, ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ; ತಿರುಳು ಕರಟವನ್ನು ಬಿಟ್ಟು ಪ್ರತ್ಯೇಕವಾಗುತ್ತದೆ; ಕಾಯನ್ನು ಅಲ್ಲಾಡಿಸಿದರೆ ಉಂಡೆ ಒಳಗೆ ಸದ್ದು ಮಾಡುತ್ತದೆ. ಆಗ ಮಟ್ಟೆ ಸುಲಿದು, ಕರಟ ಒಡೆದು, ಉಂಡೆಗೆ ಪೆಟ್ಟಾಗದಂತೆ ಹೊರತೆಗೆದು ತಿಪಟೂರಿನ ಮಾರುಕಟ್ಟೆಗೆ ಸಾಗಿಸುತ್ತಾರೆ.

ಈ ಕೆಲಸಕ್ಕೆ ಅಟ್ಟ ಬೇಕು. ತುರುವೇಕೆರೆ ತಾಲ್ಲೂಕಿನ ನಮ್ಮ ದೊಡ್ಡಪ್ಪನವರ ಹಳೆಯ ಮನೆಯಲ್ಲಿ ಅಂಥ ಅಟ್ಟವಿತ್ತು. ಅದನ್ನು ಕೆಡವಿ ತಾರಸಿ ಮನೆ ಕಟ್ಟುವುದೆಂದು ಮಕ್ಕಳು ನಿಶ್ಚಯಿಸಿದಾಗ, ನನ್ನ ಚಿತ್ರಗಳಿಗೆ ಒಂದು ಗಡುವು ಬಂದಂತಾಯಿತು. ಮನೆ ಹೋಗುವ ಮೊದಲು ಪುಸ್ತಿಕೆ ಬರಬೇಕು, ಆ ಮನೆಯಲ್ಲಿ ಬಾಳಿದವರೂ ದುಡಿದವರೂ ಅದನ್ನು ಕೈಯಲ್ಲಿ ಹಿಡಿದು ನೋಡಬೇಕು ಎಂದು ತೀರ್ಮಾನಿಸಿದೆ.

ಚಿತ್ರಗಳ ಪುಸ್ತಕವೆಂದರೆ ದುಬಾರಿಯಾಗಿಯೇ ಇರಬೇಕೆಂಬ ನಿಯಮವಿಲ್ಲ. ಅಮೆರಿಕದ ಕಲಾವಿದ ಎಡ್ ರುಶೇ 1963ರಲ್ಲಿ 26 ಪೆಟ್ರೋಲ್ ಬಂಕುಗಳ ಸಾದಾ ಚಿತ್ರಗಳನ್ನು ಸೇರಿಸಿ ತೆಳ್ಳಗಿನ ಪುಸ್ತಕವೊಂದನ್ನು ತಾನೇ ಪ್ರಕಟಿಸಿದ. ಮೊದಲ ಮುದ್ರಣ 400 ಪ್ರತಿ, ಬೆಲೆ ಕೆಲವೇ ಡಾಲರು. ಅವರ ದೇಶದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಬೇಡವೆಂದು ಹಿಂದಿರುಗಿಸಿತು. ಇಂದು ದೊಡ್ಡ ಕಲಾಸಂಗ್ರಹಾಲಯಗಳು ಅದನ್ನು ಜೋಪಾನ ಮಾಡಿವೆ. ಇನ್ನು ಯಾರ ಚಿತ್ರ ತೆಗೆಯಬೇಕೆಂಬುದಕ್ಕೆ ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರಿಗಿಂತ ಗುರು ಬೇಕೆ? ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಅವರು ಎಷ್ಟು ಗೌರವದಿಂದ ಕಂಡರೆಂಬುದು ಅವರ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿದವರಿಗೆಲ್ಲ ಗೊತ್ತು.

ಈಗ ಕೆಲಸದ ಲೆಕ್ಕಕ್ಕೆ ಬರೋಣ. ಎ-4 ಹಾಳೆಯೊಂದನ್ನು ನಡುವೆ ಮಡಿಸಿದರೆ ಎ-5 ಅಳತೆಯ ನಾಲ್ಕು ಪುಟಗಳಾಗುತ್ತವೆ. ಆದ್ದರಿಂದ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು. ಎಂಟು ಹಾಳೆಗೆ 32 ಪುಟ. ಮೇಲೊಂದು ದಪ್ಪ ಹಾಳೆ ರಕ್ಷಾಪುಟಕ್ಕೆ. ಮಡಿಕೆಯಲ್ಲಿ ಎರಡು ಪಿನ್ನು ಹೊಡೆದರೆ ಪುಸ್ತಿಕೆ ಸಿದ್ಧ. ನೂರಾರು ಚಿತ್ರಗಳಲ್ಲಿ 24ನ್ನು ಮಾತ್ರ ಉಳಿಸಿಕೊಂಡೆ. ಪುಟ ತುಂಬುವ ಚಿತ್ರಕ್ಕೆ ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ ಸುಮಾರು 1750 × 2480 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದ್ದು ಸಾಮಾನ್ಯವಾಗಿ ಕುಗ್ಗಿರುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ತರಿಸಿಕೊಂಡರೆ ಮೂಲ ಚಿತ್ರವೇ ಬರುತ್ತದೆ. ಪರದೆಗೆ ಬೆಳಕಿದೆ, ಕಾಗದಕ್ಕಿಲ್ಲ. ಆದುದರಿಂದ ಅಟ್ಟದ ಕತ್ತಲೆಯ ಚಿತ್ರಗಳನ್ನು ಸ್ವಲ್ಪ ತಿಳಿಯಾಗಿಸಿಯೇ ಕೊಡಬೇಕು. ಕನ್ನಡ ಅಕ್ಷರಗಳು ಅಂಗಡಿಯವರ ಗಣಕದಲ್ಲಿ ಗೋಜಲಾಗದಂತೆ, ಅಕ್ಷರವಿನ್ಯಾಸವನ್ನು ಒಳಗೇ ಸೇರಿಸಿದ ಪಿಡಿಎಫ್ ಒಯ್ಯುವುದು ಕ್ಷೇಮ.

ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು ಮಾಡಬೇಕು. ಪ್ರತಿಗಳು ನೂರಾರು ಇದ್ದರೆ ಮಾತ್ರ ಆ ವೆಚ್ಚ ಹಂಚಿಹೋಗುತ್ತದೆ. ಡಿಜಿಟಲ್ ಮುದ್ರಣಕ್ಕೆ ಪ್ಲೇಟಿಲ್ಲ. ಹತ್ತು ಪ್ರತಿ ಹಾಕಿಸಿ, ತಿದ್ದಿ, ಮತ್ತೆ ಐವತ್ತು ಹಾಕಿಸಬಹುದು. ನನಗೆ ಒಂದು ಪ್ರತಿ ಒಂದು ಕಿಲೋ ಕೊಬ್ಬರಿಯ ಬೆಲೆಗಿಂತ ಕಡಿಮೆಗೆ ಬಿತ್ತು.

ಈ ಸೌಕರ್ಯವನ್ನು ನೆಚ್ಚಿಕೊಂಡೇ ಮೊದಲ ಹತ್ತು ಪ್ರತಿಗಳಲ್ಲಿ ಚಿತ್ರಗಳ ಕೆಳಗೆ ಏನನ್ನೂ ಬರೆಯದೆ ಎರಡು ಖಾಲಿ ಗೆರೆ ಬಿಟ್ಟಿದ್ದೆ. ಒಂದೊಂದು ಪ್ರತಿಯೊಡನೆ ಒಂದು ಪೆನ್ಸಿಲನ್ನೂ ಇಟ್ಟು, ಆ ಮನೆಗೆ ಸಂಬಂಧಿಸಿದ ಹತ್ತು ಮನೆಗಳಿಗೆ ಕೊಟ್ಟು ಬಂದೆ. ಬೀರುವಿನ ಆಲ್ಬಮ್ಮಿನ ಮೇಲೆ ಪೆನ್ಸಿಲ್ ಆಡಿಸಲು ಯಾರಿಗೆ ಧೈರ್ಯ ಬರುತ್ತದೆ? ಇದರ ಮೇಲೆ ಎಲ್ಲರೂ ಬರೆದರು. ಎಂಬತ್ತನಾಲ್ಕರ ನಮ್ಮ ಅಕ್ಕ ಭೂತಗನ್ನಡಿ ಹಿಡಿದು, ಅಟ್ಟದ ಏಣಿಯ ಚಿತ್ರದ ಕೆಳಗೆ, ಅದು ಬೇವಿನ ಮರದ್ದೆಂದೂ ಬಡಗಿಗೆ ಕೂಲಿಯ ಬದಲು ದೊಡ್ಡಪ್ಪ ಕೊಬ್ಬರಿಯನ್ನೇ ಕೊಟ್ಟರೆಂದೂ ಬರೆದಳು. ಕರಟ ಒಡೆಯುವ ಹೆಂಗಸರ ಗುಂಪಿನಲ್ಲಿ ನನಗೆ ಇಬ್ಬರ ಹೆಸರಷ್ಟೇ ತಿಳಿದಿತ್ತು. ಪುಸ್ತಿಕೆ ಹಿಂದಿರುಗಿದಾಗ ಏಳೂ ಹೆಸರುಗಳಿದ್ದವು. ಎರಡನೆಯ ಮುದ್ರಣದಲ್ಲಿ ಅವೆಲ್ಲ ಅಚ್ಚಾದವು, ಬರೆದವರ ಮಾತಿನಲ್ಲಿಯೇ.

ಆ ಅಟ್ಟದ ಕಾಯನ್ನು ನಲವತ್ತು ವರ್ಷ ಸುಲಿದ ಹಿರಿಯರೊಬ್ಬರಿದ್ದರು. ಹದಿನೇಳನೆಯ ಪುಟದಲ್ಲಿ ಅವರಿದ್ದಾರೆ, ಮಟ್ಟೆಗಳ ರಾಶಿಯ ನಡುವೆ, ತಲೆಗೆ ಟವೆಲು ಸುತ್ತಿಕೊಂಡು. ಪುಸ್ತಿಕೆ ಅವರ ಕೈ ಸೇರಿದ ನಾಲ್ಕು ತಿಂಗಳಿಗೆ ತೀರಿಕೊಂಡರು. ಅವರ ಮಗ ಬಂದು ಆ ಚಿತ್ರವನ್ನು ದೊಡ್ಡದು ಮಾಡಿಸಿಕೊಡಬೇಕೆಂದು ಕೇಳಿದ. "ಮೇಷ್ಟ್ರೇ, ಆಧಾರ್ ಕಾರ್ಡ್ನಾಗೆ ನಮ್ಮಪ್ಪ ಬೇರೆ ಯಾರೋ ಇದ್ದಂಗವ್ನೆ. ಇದ್ರಾಗೆ ನಮ್ಮಪ್ಪನೇ ಅವ್ನೆ," ಎಂದ. ಚಿತ್ರ ಈಗ ಅವರ ಗೋಡೆಯ ಮೇಲಿದೆ. ಆ ಮನೆಯ ಬೀರುವಿನಲ್ಲಿ ಮದುವೆಯ ಆಲ್ಬಂ ಇಲ್ಲ, ಬೀರುವೂ ಇಲ್ಲ.

ದೊಡ್ಡಪ್ಪನವರ ಮನೆಯನ್ನು ಕೆಡವಿ ಈಗ ಎರಡು ವರ್ಷವಾಗುತ್ತ ಬಂತು. ಅದರ ಬಗ್ಗೆ ನನಗೆ ದೂರಿಲ್ಲ. ಸೋರುವ ಹೆಂಚಿನ ಕೆಳಗೆ ಮಕ್ಕಳು ಎಷ್ಟು ದಿನ ಇದ್ದಾರು? ಅಟ್ಟದ ಏಳು ಚಿತ್ರಗಳು ಅರವತ್ತು ಮನೆಗಳಲ್ಲಿವೆ. ಒಂದು ಪ್ರತಿಯನ್ನು ಇಲಿ ಕಡಿದರೂ, ಒಂದು ಮಳೆಯಲ್ಲಿ ನೆನೆದರೂ ಉಳಿದವು ಇರುತ್ತವೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ಬಳಿ ನನ್ನದಕ್ಕಿಂತ ಒಳ್ಳೆಯ ಕ್ಯಾಮೆರಾ ಇದೆ, ಗಣಕದ ಜ್ಞಾನವಂತೂ ನೂರು ಪಾಲು ಹೆಚ್ಚು. ಈ ಬಾರಿ ಹಬ್ಬಕ್ಕೆ ಊರಿಗೆ ಬಂದಾಗ ಒಂದೇ ವಿಷಯ ಆರಿಸಿಕೊಳ್ಳಿ: ಅಜ್ಜಿಯ ಅಡುಗೆಮನೆ, ಊರಿನ ಕೆರೆಯ ಏರಿ, ಅಪ್ಪನ ಅಂಗಡಿ, ಯಾವುದಾದರೂ ಸರಿ. 24 ಚಿತ್ರ ಸಾಕು. ಹಿರಿಯರು ಬರೆಯುವಷ್ಟು ಜಾಗ ಬಿಡಿ, ಅವರ ಕಣ್ಣು ಇನ್ನೂ ಚೆನ್ನಾಗಿರುವಾಗಲೇ ಪೆನ್ಸಿಲ್ ಕೊಡಿ. ಪುಸ್ತಿಕೆಯಾದ ಮೇಲೆ ಒಂದು ಪ್ರತಿಯನ್ನು ನನಗೂ ಕಳುಹಿಸಿದರೆ ಸಂತೋಷ.