ಬೇಟೆಯ ಹೊಣೆ

ನಮ್ಮ ಹಳೆಯ ಮನೆಯ ಪಡಸಾಲೆಯ ಗೋಡೆಯಲ್ಲಿ ದೊಡ್ಡದೊಂದು ಕಬ್ಬಿಣದ ಮೊಳೆ ಇಂದಿಗೂ ಉಳಿದಿದೆ. ನಾವು ಹುಡುಗರಾಗಿದ್ದಾಗ ಅದರಲ್ಲಿ ಕಾಟಿಯ ತಲೆಯೊಂದು ತೂಗುತ್ತಿತ್ತು. ಮೈಸೂರಿನ ವಾನ್ ಇಂಗೆನ್ ಅವರ ಕಾರ್ಖಾನೆಯಲ್ಲಿ ಹದಮಾಡಿಸಿ ತಂದ ಆ ತಲೆಯನ್ನು ಕಂಡ ಬಂಧುಗಳು ನಮ್ಮ ತಾತನವರ ಗುರಿಯನ್ನು ಕೊಂಡಾಡದೆ ಹೋಗುತ್ತಿರಲಿಲ್ಲ. ತಾತನವರು ಮಾತ್ರ ಉತ್ತರವೀಯದೆ ಎದ್ದು ಹಿತ್ತಲ ಕಡೆಗೆ ನಡೆದುಬಿಡುತ್ತಿದ್ದರು. ಇದರ ಕಾರಣ ನಮಗೆ ತಿಳಿದುದು ಬಹುಕಾಲದ ಮೇಲೆ.

ಮಲೆನಾಡಿನ ಅನೇಕ ಗೃಹಸ್ಥರಂತೆ ಅವರಿಗೂ ಬೇಟೆಯ ಹವ್ಯಾಸವಿತ್ತು. ಅದು ಬಹುಮಟ್ಟಿಗೆ ಒಂಟಿ ಬೇಟೆ. ಸಂಜೆ ಕೋವಿ ಹಿಡಿದು ಹೋಗಿ, ಹಣ್ಣುದುರುವ ಮರದಲ್ಲಿ ಮರಸು ಕುಳಿತು, ಬೆಳಗಾದ ಮೇಲೆ ಬರಿಗೈಯಲ್ಲಿ ಮರಳುವುದೇ ಹೆಚ್ಚು. ಈಡು ತಗುಲಿದ ಮೃಗವು ಸಾಯದೆ ಓಡಿದರೆ, ನೆತ್ತರಿನ ಜಾಡು ಹಿಡಿದು ತಾವೇ ಅರಸಬೇಕು.

ಆ ಕಾಟಿಯ ಬೇಟೆ ಮಾತ್ರ ಬೇರೆ ತೆರನಾದುದು. ತೋಟದ ಸಾಹುಕಾರರೊಬ್ಬರು ತಾತನವರನ್ನು ಅತಿಥಿಯಾಗಿ ಕರೆದು, ಕಾಡನ್ನು ಬಲ್ಲ ಜಾಡುಗಾರನೊಬ್ಬನನ್ನು ಜೊತೆಗೆ ಕೊಟ್ಟರು. ಹೆಜ್ಜೆ ಗುರುತಿಸಿದವನು ಅವನು, ಗಾಳಿ ನೋಡಿ ದಾರಿ ಬದಲಿಸಿದವನು ಅವನು, ಮೃಗವನ್ನು ಬೆರಳಿಟ್ಟು ತೋರಿಸಿದವನೂ ಅವನೇ. ತಾತನವರ ಪಾಲಿಗೆ ಉಳಿದುದು ಕುದುರೆ ಎಳೆಯುವುದೊಂದೇ. ಈಡು ಸರಿಯಾಗಿ ಬೀಳಲಿಲ್ಲ. ಕಾಟಿ ಹಳುವನ್ನು ಹೊಕ್ಕಿತು. ಅತಿಥಿಯನ್ನು ಹಿಂದಿಟ್ಟು ಜಾಡುಗಾರನು ಬರಿಯ ಕತ್ತಿ ಹಿಡಿದು ಮುಂದೆ ನಡೆದನು. ಹೊಂಚಿ ನಿಂತಿದ್ದ ಮೃಗವು ಅವನ ತೊಡೆಯನ್ನು ಸೀಳಿತು. ತಾತನವರ ಎರಡನೆಯ ಈಡಿಗೆ ಅದು ಉರುಳಿತು. ತಲೆ ನಮ್ಮ ಮನೆಗೆ ಬಂದಿತು. ಕುಂಟು ಅವನ ಪಾಲಾಯಿತು.

ಸುಗ್ಗಿ ಮುಗಿದ ಮೇಲೆ ಪ್ರತಿವರ್ಷವೂ ಅವನು ಬರುತ್ತಿದ್ದನು. ಅಜ್ಜಿಯವರು ಊಟವಿಕ್ಕಿ ಅಕ್ಕಿ ಅಳೆದು ಕೊಡುತ್ತಿದ್ದರು. ಒಮ್ಮೆ ಅವನು ಗೋಡೆಯತ್ತ ನೋಡಿ, “ಅಯ್ಯಾ, ಇವನಿನ್ನೂ ನನ್ನನ್ನೇ ನೋಡ್ತಾನೆ” ಎಂದು ನಕ್ಕನು. ತಾತನವರು ನಗಲಿಲ್ಲ.

ಹಾಗಾದರೆ ಒಂಟಿ ಬೇಟೆಯೇ ಮೇಲೆಂದು ಹೇಳಬಹುದೆ? ತಾತನವರೇ ಅದನ್ನು ಒಪ್ಪುತ್ತಿರಲಿಲ್ಲ. ಒಮ್ಮೆ ಬೆಳದಿಂಗಳಲ್ಲಿ ಗಂಡೆಂದು ಬಗೆದು ಗಬ್ಬದ ಕಡವೆಯನ್ನು ಹೊಡೆದುದನ್ನು ಅವರು ಕೊನೆಗಾಲದಲ್ಲಿ ನಮ್ಮೊಡನೆ ಹೇಳಿಕೊಂಡರು. ಬಲ್ಲವನೊಬ್ಬನು ಪಕ್ಕದಲ್ಲಿದ್ದಿದ್ದರೆ ಕೈ ತಡೆಯುತ್ತಿದ್ದನು. ಅಲಾಸ್ಕದಲ್ಲಿ ಹೊರ ಸಂಸ್ಥಾನದವನು ಕಂದು ಕರಡಿಯನ್ನು ಬೇಟೆಯಾಡಬೇಕಾದರೆ ಪರವಾನಗಿಯುಳ್ಳ ಮಾರ್ಗದರ್ಶಿಯಾಗಲಿ, ಅಲ್ಲಿಯೇ ನೆಲೆಸಿದ ಹತ್ತಿರದ ಬಂಧುವಾಗಲಿ ಜೊತೆಗಿರಬೇಕು. ಅಲ್ಲಿನ ನಿವಾಸಿಗೆ ಈ ಕಟ್ಟಳೆಯಿಲ್ಲ. ದಕ್ಷಿಣ ಆಫ್ರಿಕದಲ್ಲಿಯೂ ಪರದೇಶದ ಬೇಟೆಗಾರನು ವೃತ್ತಿನಿರತ ಬೇಟೆಗಾರನ ಜೊತೆಯಲ್ಲಿಯೇ ಹೋಗತಕ್ಕದ್ದು. ಕಾಡನ್ನು ಅರಿಯದವನಿಗೆ ಅರಿತವನ ಕಣ್ಣು ಬೇಕೆಂಬುದರಲ್ಲಿ ವಿವೇಕವುಂಟು. ಒಂಟಿ ಬೇಟೆಯಲ್ಲಿ ತಪ್ಪಿಗೆ ಸಾಕ್ಷಿಯಿಲ್ಲ. ಜೊತೆಯ ಬೇಟೆಯಲ್ಲಿ ಸಾಕ್ಷಿಯುಂಟು. ಆದರೆ ತಪ್ಪಿನ ದಂಡವನ್ನು ಆ ಸಾಕ್ಷಿಯೇ ತೆರಬೇಕಾಗಿ ಬರಬಹುದು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ 1991ರಲ್ಲಾದ ತಿದ್ದುಪಡಿಯೂ ವಿನೋದದ ಬೇಟೆಯನ್ನು ನಿಲ್ಲಿಸಿದುವು. ಅದು ಒಳ್ಳೆಯದೇ ಆಯಿತು. ಆದರೂ ತಾತನವರ ಸಂಕಟ ಬೇಟೆಯೊಂದಕ್ಕೇ ಸಂಬಂಧಿಸಿದುದಲ್ಲವೆಂದು ನಮಗೆ ತೋರುತ್ತದೆ. ಬೇರೊಬ್ಬರ ಕಣ್ಣು, ಬೇರೊಬ್ಬರ ಕಾಲು, ಬೇರೊಬ್ಬರ ಧೈರ್ಯ ಸೇರಿ ದೊರೆತುದಕ್ಕೆ ನಾವೊಬ್ಬರೇ ಹೆಸರು ಪಡೆಯುವ ಸಂದರ್ಭಗಳು ಸಂಸಾರದಲ್ಲಿಯೂ ಕಡಮೆಯೇನಲ್ಲ.

ಜಾಡುಗಾರನು ತೀರಿಕೊಂಡ ವರ್ಷ ತಾತನವರು ಆ ತಲೆಯನ್ನು ಕೆಳಗಿಳಿಸಿ ಅಟ್ಟಕ್ಕೆ ಹಾಕಿದರು. ಅಲ್ಲಿ ಅದು ಗೆದ್ದಲಿಗೆ ಆಹಾರವಾಯಿತು. ಮೊಳೆಯನ್ನು ಮಾತ್ರ ಕೀಳಗೊಡಲಿಲ್ಲ. ಸುಣ್ಣ ಬಳಿಸುವಾಗಲೆಲ್ಲ ನಾವೂ ಅದನ್ನು ಹಾಗೆಯೇ ಬಿಟ್ಟಿದ್ದೇವೆ.