ಅಜ್ಜನ ಐಸಿಯುನಲ್ಲಿ ಮಗಳು ದುಭಾಷಿಯಾಗಬೇಕೆ?

ಊರಿನಿಂದ 6 ತಿಂಗಳಿಗೆಂದು ಬಂದ ಅಪ್ಪ ಇಲ್ಲೇ ಐಸಿಯು ಸೇರಿದರು ಅಂದುಕೊಳ್ಳಿ. ನೀವು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಡಾಕ್ಟರು ನಿಮ್ಮ 12 ವರ್ಷದ ಮಗಳ ಮೂಲಕ ಅಜ್ಜಿಯನ್ನು ಮಾತಾಡಿಸಿರುತ್ತಾರೆ. ಅವಳಿಗೆ ಎರಡೂ ಭಾಷೆ ಬರುತ್ತದಲ್ಲ! ಮಕ್ಕಳಿಗೆ ಕನ್ನಡ ಕಲಿಸಿದ ಹೆಮ್ಮೆ ನನಗೂ ಇದೆ. ಆದರೆ "ಕಿಡ್ನಿ ಕೈಕೊಟ್ಟಿದೆ" ಎಂದು ಅಜ್ಜಿಗೆ ಹೇಳುವ ಕೆಲಸ ಮಗುವಿನದಲ್ಲ.

ಅಮೆರಿಕದಲ್ಲಿ ಇದಕ್ಕೆ ಕಾನೂನೇ ಇದೆ. ಅಫೋರ್ಡಬಲ್ ಕೇರ್ ಆ್ಯಕ್ಟ್‌ನ 1557ನೇ ಸೆಕ್ಷನ್ನಿನ ನಿಯಮದಂತೆ ಫೆಡರಲ್ ಹಣ ಪಡೆಯುವ ಆಸ್ಪತ್ರೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಮಕ್ಕಳನ್ನು ನೆಚ್ಚಿಕೊಳ್ಳುವಂತಿಲ್ಲ, ಜೀವಕ್ಕೆ ತಕ್ಷಣದ ಅಪಾಯವಿದ್ದಾಗ, ದುಭಾಷಿ ಸಿಗುವವರೆಗೆ ಮಾತ್ರ ವಿನಾಯಿತಿ. ಕೇಳುವಾಗ "ಕನ್ನಡ" ಎಂದೇ ಹೇಳಿ. "ಇಂಡಿಯನ್" ಎಂದರೆ ಫೋನಿನಲ್ಲಿ ಹಿಂದಿಯವರು ಬರಬಹುದು. ನಮ್ಮಮ್ಮ ಅವರಿಗೂ ಸೌಜನ್ಯಕ್ಕೆ ತಲೆಯಾಡಿಸಿದರು.

ದುಭಾಷಿ ಬಂದರೂ ಕೆಲವು ಮಾತುಗಳ ಬಗ್ಗೆ ಎಚ್ಚರವಿರಲಿ. ‘ಸ್ಟೇಬಲ್’ ಎಂದರೆ ನಾವು ‘ಪರವಾಗಿಲ್ಲ’ ಅಂದುಕೊಳ್ಳುತ್ತೇವೆ. ವೆಂಟಿಲೇಟರ್ ಮೇಲಿರುವವರೂ ಸ್ಟೇಬಲ್ಲೇ. ನಿನ್ನೆಗಿಂತ ಕೆಟ್ಟಿಲ್ಲ, ಅಷ್ಟೇ. ‘ಕಂಫರ್ಟ್ ಕೇರ್’ ಕೇಳಲು ಹಿತವಾಗಿದೆ. ನೋವು, ಉಸಿರಿನ ಸಂಕಟ ಕಡಿಮೆ ಮಾಡುತ್ತೇವೆ, ಗುಣಪಡಿಸುವ ಪ್ರಯತ್ನ ಬಿಡುತ್ತೇವೆ ಎಂಬುದು ಅದರ ಅರ್ಥ. ‘ಕೋಡ್ ಸ್ಟೇಟಸ್’ ಕೇಳಿದರೆ, ಹೃದಯ ನಿಂತಾಗ ಎದೆ ಒತ್ತಿ ಮತ್ತೆ ಶುರುಮಾಡಲು ನೋಡಬೇಕೆ ಎಂದು ಕೇಳುತ್ತಿದ್ದಾರೆ. ಇತ್ತ ನಮ್ಮವರ ‘ಹೂಂ’ ಡಾಕ್ಟರಿಗೆ ಒಪ್ಪಿಗೆಯಾಗಿ ಕೇಳಿಸುತ್ತದೆ. ಅದು ಬರೀ ‘ಕೇಳಿಸಿಕೊಳ್ಳುತ್ತಿದ್ದೇನೆ’ ಎಂದು ಮೊದಲೇ ಹೇಳಿಬಿಡಿ.

ಕಿಡ್ನಿಯವರು, ಹೃದಯದವರು, ಶ್ವಾಸಕೋಶದವರು ಬೇರೆಬೇರೆ ಹೊತ್ತಿಗೆ ಬಂದು ತಮ್ಮತಮ್ಮ ಅಂಗದ ಸುದ್ದಿ ಹೇಳಿ ಹೋಗುತ್ತಾರೆ. ಬೆಳಿಗ್ಗೆ ಕ್ರಿಯಾಟಿನಿನ್ ಇಳಿಯಿತೆಂದು ಖುಷಿ, ಸಂಜೆ ಬಿಪಿ ಕುಸಿಯಿತೆಂದು ಅಳು. ಇಡೀ ಮನುಷ್ಯನ ಲೆಕ್ಕ ಕೇಳಬೇಕಾದದ್ದು ಐಸಿಯುನ ಅಟೆಂಡಿಂಗ್ ಡಾಕ್ಟರನ್ನು. "ಫ್ಯಾಮಿಲಿ ಮೀಟಿಂಗ್ ಬೇಕು, ಕನ್ನಡ ದುಭಾಷಿಯ ಜೊತೆ" ಎಂದು ನರ್ಸಿಗೆ ಹೇಳಿ. ನಾನು ಅಲ್ಲಿ ಕೇಳಿದ್ದು ಒಂದೇ: "ಎಲ್ಲ ಚೆನ್ನಾಗಿ ನಡೆದರೆ 6 ತಿಂಗಳ ನಂತರ ಅಪ್ಪ ಹೇಗಿರುತ್ತಾರೆ?" ಅಷ್ಟು ದಿನ ನಿಂತೇ ಮಾತಾಡುತ್ತಿದ್ದ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು.

ಮಗಳನ್ನು ದೂರವೇ ಇಡಿ ಎನ್ನುತ್ತಿಲ್ಲ. ಅವಳ ಕನ್ನಡಕ್ಕೆ ಅಲ್ಲಿ ಬೇರೆ ಕೆಲಸವಿದೆ. ಗಂಟಲಿಗೆ ಟ್ಯೂಬ್ ಹಾಕಿದವರು ಎಚ್ಚರವಿದ್ದರೂ ಮಾತಾಡಲಾರರು. ಒಂದು ಹಾಳೆಯಲ್ಲಿ ನೋವು, ನೀರು, ಚಳಿ, ಕನ್ನಡಕ ಎಂದು ದಪ್ಪಕ್ಷರದಲ್ಲಿ ಬರೆಸಿ, ಪಕ್ಕದಲ್ಲಿ ನರ್ಸಿಗಾಗಿ ಇಂಗ್ಲಿಷ್. ನಮ್ಮಪ್ಪ ಮೊದಲು ಬೆರಳಿಟ್ಟದ್ದು ‘ಕನ್ನಡಕ’ದ ಮೇಲೆ.