ಗ್ಯಾರೇಜ್ ಭಾನುವಾರ – 6: ಮೂವತ್ತು ಮಿಲಿಮೀಟರ್

"ಗುರು, ಕಾರು ಲೋ ಮಾಡ್ಸೋಕೆ ಏನೇನ್ ಬೇಕು?" ಅಂತ ತುಂಬಾ ಜನ ಕೇಳಿದ್ರಿ. ಶಿವಮೊಗ್ಗದ ಮಾವನ ಗ್ಯಾರೇಜಲ್ಲಿ ನಾನು ಬಿಲ್ ಬರೆಯೋನು, ಸ್ಪ್ಯಾನರ್ ಹಿಡಿಯೋನಲ್ಲ. ಆದ್ರೂ ಪಕ್ಕದಲ್ಲೇ ನಿಂತು ನೋಡಿದ್ದು ಹೇಳ್ತೀನಿ.

ಸ್ವಿಫ್ಟ್ ತಗೊಳ್ಳಿ. ಮುಂದೆ ಸ್ಟ್ರಟ್ ಪೂರ್ತಿ ಹೊರಗೆ ತೆಗೀಬೇಕು. ಸ್ಪ್ರಿಂಗನ್ನ ಕಂಪ್ರೆಸರ್ ಹಾಕಿ ಎರಡೂ ಕಡೆ ಸಮವಾಗಿ ಒತ್ತಿ ಹಿಡಿದ ಮೇಲೇ ಮೇಲಿನ ನಟ್ ಬಿಚ್ಚೋದು. ಮೊದಲೇ ಬಿಚ್ಚಿದ್ರೆ ಸ್ಪ್ರಿಂಗ್ ಸಿಡಿದು ಮುಖಕ್ಕೇ ಬರುತ್ತೆ. ಹಿಂದೆ ಸುಲಭ: ಶಾಕ್ ಅಬ್ಸಾರ್ಬರ್ ಕೆಳಗಿನ ಬೋಲ್ಟ್ ಬಿಚ್ಚಿ ಆಕ್ಸಲ್ ಇಳಿಸಿದ್ರೆ ಸ್ಪ್ರಿಂಗ್ ಕೈಗೆ ಬರುತ್ತೆ. ಬುಶ್ ಇರೋ ಬೋಲ್ಟ್‌ಗಳನ್ನ ಚಕ್ರದ ಮೇಲೆ ಭಾರ ಬಿದ್ದ ಮೇಲೇ ಪೂರ್ತಿ ಟೈಟ್ ಮಾಡ್ಬೇಕು. ಜಾಕ್ ಮೇಲೆ ಚಕ್ರ ನೇತಾಡ್ತಿರುವಾಗ ಮಾಡಿದ್ರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತೆ. ಆಮೇಲೆ ವೀಲ್ ಅಲೈನ್‌ಮೆಂಟ್. ಹಳೇ ಸ್ಪ್ರಿಂಗನ್ನೇ ಕಟ್ ಮಾಡಿ ಅನ್ನೋರನ್ನ ಮಾವ ಗೇಟಲ್ಲೇ ವಾಪಸ್ ಕಳಿಸ್ತಾರೆ.

ಇನ್ನು ಲೆಕ್ಕ, ಅದು ನನ್ನ ಸಬ್ಜೆಕ್ಟ್.

ನಮ್ಮನೇದೂ ಸ್ವಿಫ್ಟೇ, 2018ರದ್ದು. ಅದಕ್ಕೆ ಅಂತಾನೇ 14 ಸಾವಿರ ಕೂಡಿಟ್ಟಿದ್ದೆ. ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. 30 ಹೋದ್ರೆ 133. ರೂಲ್ಸ್ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರ್ಬೇಕು. ನಮ್ಮೂರಲ್ಲಿ ಜನ ತಾವೇ ಹಾಕ್ಕೊಂಡಿರೋ ಹಂಪ್ ಒಂದು ಮೊಳ ಅಗಲ ಇದ್ರೆ ಹೆಚ್ಚು!

ಕಾರು ತಗ್ಗಿದಷ್ಟೂ ಸ್ಪ್ರಿಂಗ್ ಕುಣಿಯೋಕೆ ಜಾಗ ಕಮ್ಮಿ. ಅದಕ್ಕೇ ಅದನ್ನ ಗಟ್ಟಿ ಮಾಡಿರ್ತಾರೆ. ತಿರುವಲ್ಲಿ ಕಾರು ವಾಲೋದು ಕಮ್ಮಿ ಆಗುತ್ತೆ, ನಂಗೂ ಅದೇ ಆಸೆ. ಆದ್ರೆ ಗುಂಡಿ ಏಟು ಹಿಂದೆ ಕೂತೋರ ಬೆನ್ನಿಗೆ.

ನಮ್ಮ ಹಿಂದಿನ ಸೀಟು ಅಜ್ಜೀದು. ತಿಂಗಳಿಗೊಂದ್ಸಲ ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗ ಆಸ್ಪತ್ರೆಗೆ. ಎರಡೂ ಮಂಡಿ ನೋವು. ಸೀಟಿಂದ ಏಳೋಕೆ ಈಗ್ಲೇ ಅಪ್ಪನ ಕೈ ಬೇಕು. ಸೀಟು ಇನ್ನೂ 30 ಮಿ.ಮೀ. ಕೆಳಗೆ ಹೋದ್ರೆ? ಅಜ್ಜಿ ಏನೂ ಅನ್ನಲ್ಲ, "ನಿಮಗ್ಯಾಕೆ ತೊಂದ್ರೆ, ನಾ ಬರಲ್ಲ" ಅಂತಾಳೆ ಅಷ್ಟೇ. ಆ ಖರ್ಚು ಯಾವ ಬಿಲ್ಲಲ್ಲೂ ಬರಲ್ಲ.

ಕಾನೂನೂ ಇದೆ. ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸಬಾರದು ಅನ್ನುತ್ತೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ಆರ್‌ಟಿಒ, ಇನ್ಶೂರೆನ್ಸ್ ಎರಡೂ ಕಡೆ ಕೇಳದೆ ಕೈ ಹಾಕ್ಬೇಡಿ.

ನಮ್ಮ ಕಾರಿನ ಹಿಂದಿನ ಶಾಕ್ ಆಯಿಲ್ ಬಿಡ್ತಿತ್ತು. ಕೂಡಿಟ್ಟ ದುಡ್ಡಲ್ಲಿ ಎರಡೂ ಹೊಸದು ಹಾಕಿಸ್ದೆ, ಕಂಪನೀದೇ. ಬಿಲ್ ನಾನೇ ಬರೆದೆ, ಮಾವ ಲೇಬರ್ ಹೊಡೆದು ಹಾಕಿದ್ರು.

ಫೋಟೋದಲ್ಲಿ ಯಾವ ವ್ಯತ್ಯಾಸಾನೂ ಕಾಣಲ್ಲ, ಗೊತ್ತು. ಲೈಕ್ ಕಮ್ಮಿ ಬಂದ್ರೂ ಪರವಾಗಿಲ್ಲ.

ನಿಮ್ಮ ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ? ಕಾಮೆಂಟಲ್ಲಿ ಹೇಳಿ. ಮುಂದಿನ ಭಾನುವಾರ: ಗ್ಯಾರೇಜ್ ಬಿಲ್ ಓದೋದು ಹೇಗೆ.